ಟೊಮೆಟೊ ಸೊರಗಿತೇ? ಮೊದಲು ದಂಟು ಸೀಳಿ ನೋಡಿ

ನಿನ್ನೆಯವರೆಗೆ ಕಾಯಿ ಹೊತ್ತು ನಿಂತಿದ್ದ ಗಿಡ ಮಧ್ಯಾಹ್ನದ ಬಿಸಿಲಿಗೆ ತಲೆ ಜೋತು ಬಿಟ್ಟಿರುತ್ತದೆ. ನೀರು ಸಾಲಲಿಲ್ಲವೇನೋ ಎಂದು ಇನ್ನಷ್ಟು ನೀರು ಹಾಯಿಸುತ್ತೇವೆ. ರಾತ್ರಿ ತುಸು ಚೇತರಿಸಿಕೊಂಡ ಗಿಡ ಕೆಲವೇ ದಿನಗಳಲ್ಲಿ ಒಣಗಿ ನಿಲ್ಲುತ್ತದೆ. ಸೊರಗು ರೋಗ ಬಂದ ಗಿಡದ ಬುಡದಲ್ಲಿ ನೀರಿಗೆ ಬರವಿಲ್ಲ. ನೀರು ಮೇಲೇರುವ ನಾಳವೇ ಕಟ್ಟಿಕೊಂಡಿರುತ್ತದೆ. ಆ ಹಂತದಲ್ಲಿ ಗಿಡ ಉಳಿಸುವ ಔಷಧಿ ಇಲ್ಲ. ಮುಂದಿನ ಬೆಳೆಗೆ ನಿರೋಧಕ ತಳಿ ಹುಡುಕಬೇಕು. ಆದರೆ ಯಾವ ಸೊರಗು ಎಂದು ತಿಳಿಯದೆ ತಳಿ ಕೊಂಡರೆ ಹಣವೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ.

ಹಂತ 1: ಎಲೆ ಮತ್ತು ದಂಟು

ಎಲೆ ಹಸಿರಾಗಿರುವಾಗಲೇ ಗಿಡ ಇಡಿಯಾಗಿ ಬಾಡಿದರೆ ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದ ಮೇಲೆ ಅನುಮಾನ ಪಡಿ. ಕೆಳಗಿನ ಎಲೆಗಳು ಹಳದಿಯಾಗಿ, ಅದೂ ಗಿಡದ ಒಂದೇ ಮಗ್ಗುಲಿಗೆ ಹೆಚ್ಚಾಗಿ ಕಂಡರೆ ಫ್ಯುಸೇರಿಯಂ ಶಿಲೀಂಧ್ರ ಇರಬಹುದು. ಇದಕ್ಕೆ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚನೆಯ ಮಣ್ಣು ಇಷ್ಟ. ತಂಪು ಹವೆಯಲ್ಲಿ, ಎಲೆಯಂಚಿನಿಂದ ಒಳಕ್ಕೆ ‘ವಿ’ ಆಕಾರದಲ್ಲಿ ಹಳದಿ ಇಳಿದರೆ ವರ್ಟಿಸಿಲಿಯಂ ಎಂಬ ಇನ್ನೊಂದು ಶಿಲೀಂಧ್ರ.

ಎಲೆಯನ್ನಷ್ಟೇ ನಂಬಬೇಡಿ. ಬುಡದ ದಂಟನ್ನು ಉದ್ದಕ್ಕೆ ಸೀಳಿ. ಸಿಪ್ಪೆಯ ಒಳಗೆ ಕಂದು ಗೆರೆ ದಂಟಿನುದ್ದಕ್ಕೂ ಏರಿದ್ದರೆ ಫ್ಯುಸೇರಿಯಂ. ಬಣ್ಣ ತಿಳಿಯಾಗಿದ್ದು ಬುಡದ ಭಾಗದಲ್ಲೇ ನಿಂತಿದ್ದರೆ ವರ್ಟಿಸಿಲಿಯಂ ಆಗಿರುವ ಸಾಧ್ಯತೆ ಹೆಚ್ಚು.

ಹಂತ 2: ಗಾಜಿನ ಲೋಟದ ಪರೀಕ್ಷೆ

ಬ್ಯಾಕ್ಟೀರಿಯಾ ಗುರುತಿಸಲು ಇದಕ್ಕಿಂತ ಸುಲಭದ ವಿಧಾನವಿಲ್ಲ. ಬುಡದಿಂದ ಐದಾರು ಸೆಂಟಿಮೀಟರ್ ದಂಟು ಕತ್ತರಿಸಿ, ತುದಿ ನೀರಿಗೆ ತಾಗುವಂತೆ ತಿಳಿನೀರಿನ ಲೋಟದಲ್ಲಿ ತೂಗುಬಿಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಇಡಿ, ಅಲುಗಾಡಿಸಬೇಡಿ. ಬ್ಯಾಕ್ಟೀರಿಯಾ ಇದ್ದರೆ ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ಬಣ್ಣದ ಎಳೆಗಳು ಹೊಗೆಯಂತೆ ಕೆಳಗಿಳಿಯುತ್ತವೆ. ಆ ಎಳೆಯೇ ಬ್ಯಾಕ್ಟೀರಿಯಾ ಮತ್ತು ಅದು ಸ್ರವಿಸುವ ಲೋಳೆ. ಗಿಡದ ನಾಳಕ್ಕೆ ಬಿರಡೆ ಹಾಕಿದ್ದು ಅದೇ. ಆಮೇಲೆ ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ, ಕುದಿಸಿ ಚೆಲ್ಲಿ. ಚಾಕುವನ್ನೂ ಸ್ವಚ್ಛ ಮಾಡಿ.

ಹಂತ 3: ಬೀಜದ ಪೊಟ್ಟಣ ಓದುವುದು

ಪೊಟ್ಟಣದ ಮೇಲೆ ‘ವಿ’ ಎಂದರೆ ವರ್ಟಿಸಿಲಿಯಂ, ‘ಎಫ್’ ಎಂದರೆ ಫ್ಯುಸೇರಿಯಂ, ‘ಎನ್’ ಎಂದರೆ ಬೇರುಗಂಟು ಜಂತುಹುಳು. ತಳಿಯ ಹೆಸರಿನ ಜೊತೆ ‘ಎಫ್-1’ ಎಂದಿದ್ದರೆ ಅದು ಮೊದಲ ಪೀಳಿಗೆಯ ಹೈಬ್ರಿಡ್ ಎಂದಷ್ಟೇ ಅರ್ಥ, ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ತುಂಬಾ ಜನ ಎಡವುವುದು ಇಲ್ಲೇ.

ಟೊಮೆಟೊ ಫ್ಯುಸೇರಿಯಂನಲ್ಲಿ ಮೂರು ರೇಸ್‌ಗಳಿವೆ, ಅಂದರೆ ಒಂದೇ ಶಿಲೀಂಧ್ರದ ಮೂರು ಒಳಬಗೆಗಳು. ಕೆಲವು ಕಂಪನಿಗಳು ಇವನ್ನು 1, 2, 3 ಎನ್ನುತ್ತವೆ, ಇನ್ನು ಕೆಲವು 0, 1, 2 ಎನ್ನುತ್ತವೆ. ಒಂದು ಪೊಟ್ಟಣದ ‘1’ ಇನ್ನೊಂದರಲ್ಲಿ ‘0’ ಆಗಿರುತ್ತದೆ. ಎಣಿಕೆ ಸೊನ್ನೆಯಿಂದ ಶುರುವೋ ಒಂದರಿಂದಲೋ ಎಂದು ಕೇಳಿಯೇ ಕೊಳ್ಳಿ.

ರೇಸ್‌ಗಳು ಹುಟ್ಟಿದ್ದು ಹೇಗೆ ಎಂದು ಗೊತ್ತಿದ್ದರೆ ಆಯ್ಕೆ ಸುಲಭ. 1930ರ ದಶಕದಲ್ಲಿ ಗೋಲಿಗಿಂತ ಚಿಕ್ಕ ಹಣ್ಣಿನ ಕಾಡು ಟೊಮೆಟೊದಲ್ಲಿ ‘ಐ’ ಎಂಬ ನಿರೋಧಕ ವಂಶವಾಹಿ ಸಿಕ್ಕಿತು. ಶಿಲೀಂಧ್ರ ಬಿಡುವ ಒಂದು ಪ್ರೋಟೀನಿನ ಸುಳಿವು ಹಿಡಿದು ಈ ವಂಶವಾಹಿ ಗಿಡವನ್ನು ಎಚ್ಚರಿಸುತ್ತದೆ. 1945ರಲ್ಲಿ ಎರಡನೇ ರೇಸ್ ವರದಿಯಾಯಿತು. ಅದರಲ್ಲಿ ಆ ಪ್ರೋಟೀನೇ ಇಲ್ಲ, ಹಾಗಾಗಿ ‘ಐ’ಗೆ ಕಳ್ಳ ಕಾಣಲೇ ಇಲ್ಲ. ಅದಕ್ಕೆ ‘ಐ-2’ ತಂದರು. 1978ರಲ್ಲಿ ಆಸ್ಟ್ರೇಲಿಯಾದಲ್ಲಿ ಮೂರನೇ ರೇಸ್ ಕಾಣಿಸಿಕೊಂಡಿತು. ಇನ್ನೊಂದು ಕಾಡು ಜಾತಿಯಿಂದ ‘ಐ-3’ ಬಂತು.

ಹೊಸದು ಬಂದ ಮೇಲೆ ಹಳೆಯ ‘ಐ’ ಯಾಕೆ ಬೇಕು? 2008ರಲ್ಲಿ ನೆದರ್ಲೆಂಡ್ಸ್ ಸಂಶೋಧಕರು ಪ್ರಕಟಿಸಿದ ಕೆಲಸದಲ್ಲಿ ಉತ್ತರವಿದೆ. ‘ಐ’ ಗುರುತಿಸುವ ಅದೇ ಪ್ರೋಟೀನ್ ‘ಐ-2’ ಮತ್ತು ‘ಐ-3’ರ ಕಾವಲನ್ನು ಅಡಗಿಸಬಲ್ಲದು. ಅಂದರೆ ಹಳೆಯ ಕಾವಲುಗಾರನನ್ನು ಬಿಟ್ಟರೆ ಹಳೆಯ ಕಳ್ಳನೇ ಹೊಸ ಕಾವಲನ್ನು ಮುರಿಯುತ್ತಾನೆ. ನನ್ನ ಸಲಹೆ ನೇರ: ಫ್ಯುಸೇರಿಯಂ ಕಂಡ ಮಣ್ಣಿಗೆ ಮೂರೂ ರೇಸ್ ತಡೆಯುವ ತಳಿಯನ್ನೇ ಆರಿಸಿ.

ಜಂತುಹುಳು ಕೊರೆದ ಬೇರಿನ ಗಾಯದಿಂದ ಸೊರಗು ಸುಲಭವಾಗಿ ಒಳಹೊಗುತ್ತದೆ, ಆದ್ದರಿಂದ ‘ಎನ್’ ಕೂಡ ಇದ್ದರೆ ಒಳ್ಳೆಯದು. ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಮಾತ್ರ ಆ ನಿರೋಧಕತೆ ಸಡಿಲವಾಗುತ್ತದೆ.

ಹಂತ 4: ಬ್ಯಾಕ್ಟೀರಿಯಾ ಇದ್ದರೆ ಕಸಿ

ಬ್ಯಾಕ್ಟೀರಿಯಾ ಸೊರಗಿಗೆ ಒಂದೇ ವಂಶವಾಹಿಯ ಪರಿಹಾರ ಸಿಕ್ಕಿಲ್ಲ. ಸಂಶೋಧಕರು ಹೆಚ್ಚು ನೆಚ್ಚಿಕೊಂಡಿರುವ ‘ಹವಾಯಿ 7996’ ತಳಿಯಲ್ಲಿ ನಿರೋಧಕತೆ ಮುಖ್ಯವಾಗಿ 6 ಮತ್ತು 12ನೇ ವರ್ಣತಂತುಗಳ ಮೇಲೆ ಹಂಚಿಕೊಂಡಿದೆ. ಇಂಥ ಗುಣವನ್ನು ದೊಡ್ಡ ಹಣ್ಣಿನ ತಳಿಗೆ ತರುವುದು ಕಷ್ಟದ ಕೆಲಸ. ಅದಕ್ಕಾಗಿಯೇ ಬೇರು ಒಂದರದು, ಹಣ್ಣು ಇನ್ನೊಂದರದು ಎಂಬ ಕಸಿ ವಿಧಾನ ಉಪಯೋಗಕ್ಕೆ ಬರುತ್ತದೆ.

ಬೇರಿನ ಗಿಡಕ್ಕೆ ನಿರೋಧಕ ಟೊಮೆಟೊ ಅಥವಾ ಬದನೆ ಆಗುತ್ತದೆ. ಬದನೆ ನಿಧಾನ ಮೊಳೆಯುವುದರಿಂದ ಕೆಲವು ದಿನ ಮುಂಚೆ ಬಿತ್ತಿ. ಎರಡೂ ಸಸಿಗಳ ದಂಟು ಸುಮಾರು 2 ಮಿಲಿಮೀಟರ್ ದಪ್ಪವಾದಾಗ ಹೊಸ ಬ್ಲೇಡಿನಿಂದ ಒಂದೇ ಓರೆಗೆ ಕತ್ತರಿಸಿ, ಮುಖಕ್ಕೆ ಮುಖ ಕೂರಿಸಿ ಸಿಲಿಕಾನ್ ಕ್ಲಿಪ್ ಹಾಕಿ. ಮೊದಲ ಎರಡು ದಿನ ಕತ್ತಲು, ತೇವ ತುಂಬಿದ ಗಾಳಿ ಬೇಕು. ಆಮೇಲೆ ವಾರದುದ್ದಕ್ಕೂ ಬೆಳಕು ಹೆಚ್ಚಿಸುತ್ತಾ, ತೇವ ತಗ್ಗಿಸುತ್ತಾ ಬನ್ನಿ. ನಾಟಿ ಮಾಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರಲಿ. ಗಂಟಿನ ಮೇಲಿಂದ ಬೇರು ಹೊರಟು ಮಣ್ಣು ಮುಟ್ಟಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ; ಕಂಡ ಕೂಡಲೇ ಚಿವುಟಿ.

ಹಂತ 5: ನಿಮ್ಮ ಮಣ್ಣಿನಲ್ಲೇ ಪರೀಕ್ಷೆ

ರೋಗ ಕಂಡ ಜಾಗದಲ್ಲೇ ಪ್ರತಿ ಹೊಸ ತಳಿಯ ಹತ್ತು ಸಸಿ ನೆಡಿ. ಸಾಲುಗಳ ನಡುನಡುವೆ ಸುಲಭವಾಗಿ ಸೊರಗುವ ಹಳೆಯ ತಳಿಯನ್ನೂ ಹೋಲಿಕೆಗೆ ಸೇರಿಸಿ, ಯಾಕೆಂದರೆ ರೋಗ ಮಣ್ಣಿನಲ್ಲಿ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ವಾರಕ್ಕೊಮ್ಮೆ ಸೊರಗಿದ ಗಿಡಗಳನ್ನು ಎಣಿಸಿ ಬರೆದಿಡಿ. ಸತ್ತ ಪ್ರತಿ ಗಿಡದ ದಂಟನ್ನೂ ಸೀಳಿ, ಲೋಟದ ಪರೀಕ್ಷೆ ಮಾಡಿ. ಹೋಲಿಕೆಗೆ ನೆಟ್ಟ ಗಿಡಗಳೂ ಸೊರಗದೆ ನಿಂತಿದ್ದರೆ ಆ ಬಾರಿಯ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂದಿನ ಬೆಳೆಯಲ್ಲಿ ಮತ್ತೆ ನೆಟ್ಟು ನೋಡಿ.