ಬಿಸಿಲೂರಿನ ಅಂಗಳಕ್ಕೆ ಯಾವ ಹುಲ್ಲು?

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಹೊಸ ಮನೆ ಕಟ್ಟಿದವರು ಗೃಹಪ್ರವೇಶದ ಗಡಿಬಿಡಿಯಲ್ಲಿ ನರ್ಸರಿಯಿಂದ ಹುಲ್ಲಿನ ಹಾಸು ತಂದು ಹಾಸಿಬಿಡುತ್ತಾರೆ. ಏಪ್ರಿಲ್ ಹೊತ್ತಿಗೆ ಅದು ಒಣಗಿ ಚಾಪೆಯಂತಾಗಿರುತ್ತದೆ. ಇಂಥ ಅಂಗಳ ಎಷ್ಟೋ ನೋಡಿದ್ದೇನೆ. ಹುಲ್ಲು ಆರಿಸುವಾಗಲೇ ತಪ್ಪಿದರೆ ಆಮೇಲೆ ಎಷ್ಟು ನೀರು ಹೊಯ್ದರೂ ಅಷ್ಟೇ.

1. ಬಿಸಿಲು ಅಳೆಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ. ರಜಾ ದಿನ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಹೊರಗೆ ಬಂದು, ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆಯಿರಿ. ದಿನಕ್ಕೆ 6 ಗಂಟೆ ನೇರ ಬಿಸಿಲು ಬೀಳುವ ಜಾಗ ಮಾತ್ರ ಹುಲ್ಲಿಗೆ. ಮೇ ತಿಂಗಳಲ್ಲಿ ಅಳೆದು ಸುಮ್ಮನಾಗಬೇಡಿ. ಆಗ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಎಲ್ಲ ಕಡೆ ಬಿಸಿಲು ಕಾಣುತ್ತದೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. 10 ಅಡಿ ಗೋಡೆಯ ಉತ್ತರಕ್ಕೆ ನಡುಮಧ್ಯಾಹ್ನವೂ ಸುಮಾರು 8 ಅಡಿ ನೆರಳು ಬೀಳುತ್ತದೆ. ಎರಡಂತಸ್ತಿನ ಮನೆಯಾದರೆ ಇನ್ನೂ ಉದ್ದ. ಅಲ್ಲಿ ಹಾಕಿದ ಹುಲ್ಲು ತೆಳುವಾಗಿ, ಕೊನೆಗೆ ಬರೀ ಮಣ್ಣು ಉಳಿಯುತ್ತದೆ. ಆ ಪಟ್ಟಿಗೆ ಶಹಾಬಾದ್ ಕಲ್ಲು ಹಾಸಿಬಿಡಿ.

2. ನೀರಿನ ಲೆಕ್ಕ ಹಾಕಿ. 500 ಚದರ ಅಡಿ ಹುಲ್ಲಿಗೆ ವಾರಕ್ಕೆ ಒಂದು ಇಂಚು ನೀರು ಅಂದರೆ ಸುಮಾರು 1,180 ಲೀಟರ್. ಮಾರ್ಚ್‌ಗೆ ನಿಮ್ಮ ಬೋರ್ ಬತ್ತುತ್ತದೆಯೇ? ಹಾಗಾದರೆ 200 ಚದರ ಅಡಿಗೇ ನಿಲ್ಲಿಸಿ.

3. ಈಗ ಹುಲ್ಲು. ನನ್ನ ಮಾತು ಕೇಳುವುದಾದರೆ ಗರಿಕೆ. ಹೌದು, ಗಣಪತಿಗೆ ಏರಿಸುವ ಅದೇ ಗರಿಕೆ. ನರ್ಸರಿಯಲ್ಲಿ ಬರ್ಮುಡಾ ಅನ್ನುತ್ತಾರೆ. ಬೇರು ಆಳಕ್ಕೆ ಇಳಿಯುತ್ತದೆ, ನೆಲದೊಳಗೂ ಕುಡಿ ಹರಡುತ್ತದೆ. ನೀರಿಲ್ಲದೆ ಮೇಲೆಲ್ಲ ಕಂದಾದರೂ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಮೆಕ್ಸಿಕನ್ ಹುಲ್ಲು ನೋಡಲು ಮೆತ್ತಗೆ, ಚೆಂದ. ಆದರೆ ನಿಧಾನಕ್ಕೆ ಹರಡುತ್ತದೆ, ಕತ್ತರಿಸದೆ ಬಿಟ್ಟರೆ ಗುಡ್ಡೆ ಗುಡ್ಡೆಯಾಗುತ್ತದೆ. ಅಗಲ ಎಲೆಯ ಬಫೆಲೋ ಹುಲ್ಲು ನೆರಳು ತಾಳಿಕೊಳ್ಳುತ್ತದೆ, ನೀರು ಮಾತ್ರ ಸಿಕ್ಕಾಪಟ್ಟೆ ಕೇಳುತ್ತದೆ. ನಮ್ಮ ಊರುಗಳಿಗೆ ಅದು ಬೇಡವೇ ಬೇಡ. ಪೊಟ್ಟಣದ ಮೇಲೆ ಹಚ್ಚಹಸಿರು ಚಿತ್ರವಿರುವ ಲಾನ್ ಬೀಜ ಕೊಳ್ಳುವ ಮುನ್ನ ಹೆಸರು ಓದಿ. ರೈ ಹುಲ್ಲು ಅಂತಿದ್ದರೆ ವಾಪಸ್ ಇಡಿ. ಅದು ತಂಪು ನಾಡಿನದು, ನಮ್ಮ ಬೇಸಿಗೆ ತಡೆಯುವುದಿಲ್ಲ.

4. ಜೇಕು ಅನ್ನುವ ಕಳೆ ತೆಗೆಯಿರಿ. ಲೋಡುಗಟ್ಟಲೆ ತರಿಸಿದ ಕೆಂಪು ಮಣ್ಣಿನ ಜೊತೆ ಜೇಕಿನ ಗಡ್ಡೆಯೂ ಬರುತ್ತದೆ. ಮಣ್ಣು ಹರಡಿ ನೀರು ಬಿಡಿ. ಹದಿನೈದು ದಿನಕ್ಕೆ ಚಿಗುರುವ ಜೇಕನ್ನು ಗಡ್ಡೆ ಸಮೇತ ಅಗೆಯಿರಿ. ಮೇಲೆ ಕಿತ್ತರೆ ಪ್ರಯೋಜನವಿಲ್ಲ. ಹೀಗೆ ಮೂರು ಸಲ ಮಾಡಿ.

5. ಜೂನ್ ಮಳೆ ಬಿದ್ದ ಮೇಲೆ ಗೊಬ್ಬರ ಬೆರೆಸಿ, ಗರಿಕೆ ಕುಡಿಗಳನ್ನು 4 ಇಂಚಿಗೊಂದರಂತೆ ಊರಿ. ಬೇರು ಹಿಡಿಯುವವರೆಗೆ ಮಣ್ಣು ಒಣಗಲು ಬಿಡಬೇಡಿ. ಆಮೇಲೆ ವಾರಕ್ಕೆ ಎರಡು ಸಲ, ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಸಾಕು.