ಬೆಂಗಳೂರಲ್ಲಿ ಸೈಟು ಕೊಳ್ಳುವ ಮೊದಲು ಬಡಾವಣೆ ನೋಡುವುದು ಹೇಗೆ?

ಮನೆ ಪ್ಲಾನ್ ಹಾಕಿಕೊಡುವುದು ನನ್ನ ಕೆಲಸ. ಬಂದವರೆಲ್ಲ ಮೊದಲು ಎಲಿವೇಶನ್, ಅಂದರೆ ಮನೆಯ ಮುಂಭಾಗದ ನೋಟದ ಬಗ್ಗೆ ಕೇಳುತ್ತಾರೆ. ನಾನು ಮೊದಲು ಕೇಳುವುದು ಲೇಔಟ್ ನಕ್ಷೆ. ಮನೆ ಇಷ್ಟ ಆಗದಿದ್ದರೆ ಒಡೆದು ಕಟ್ಟಬಹುದು. ರಸ್ತೆ, ಚರಂಡಿ, ಪಾರ್ಕನ್ನು ಸರಿಮಾಡಲು ನಿಮ್ಮ ಕೈಯಲ್ಲಿ ಆಗುವುದಿಲ್ಲ. ಮುಂದೆ ಮಾರುವಾಗ ರೇಟು ಕಟ್ಟುವವರು ನೋಡುವುದೂ ಇವನ್ನೇ.

ಇದು ಕಣ್ಣಿಗೆ ಕಾಣಬೇಕೆಂದರೆ ಜಯನಗರದಲ್ಲಿ ಒಂದು ಬೆಳಿಗ್ಗೆ ಸುಮ್ನೆ ಓಡಾಡಿ. 1948ರಲ್ಲಿ ಶಂಕುಸ್ಥಾಪನೆಯಾದ ಬಡಾವಣೆ. ಅಗಲವಾದ ಮೇನ್‌ಗಳು, ಅವಕ್ಕೆ ಅಡ್ಡಲಾಗಿ ಕ್ರಾಸ್‌ಗಳು, ಅಲ್ಲಲ್ಲಿ ಪಾರ್ಕು, 4ನೇ ಬ್ಲಾಕ್‌ನಲ್ಲಿ ಅಂಗಡಿಗಳು, ಬಸ್ ನಿಲ್ದಾಣ. ಅಲ್ಲಿ ಗೋಡೆ ಬಿರುಕು ಬಿಟ್ಟ ಹಳೇ ಮನೆಗೂ ಗಿರಾಕಿ ಇದ್ದಾರೆ. ಅವರು ದುಡ್ಡು ಕೊಡುವುದು ಗೋಡೆಗಲ್ಲ. ಮರದ ನೆರಳಿಗೆ, ನಡೆದೇ ಹೋಗಿ ತರಕಾರಿ ತರುವ ಅನುಕೂಲಕ್ಕೆ. 1898ರ ಪ್ಲೇಗ್ ಕಾಲದಲ್ಲಿ ರೂಪುಗೊಂಡ ಮಲ್ಲೇಶ್ವರದಲ್ಲಿ ಮನೆಗಳ ಹಿಂದೆ ಆಗ ಕಸ, ಮಲ ಸಾಗಿಸಲೆಂದು ಕನ್ಸರ್ವೆನ್ಸಿ ಓಣಿ ಬಿಟ್ಟಿದ್ದಾರೆ. ಅದರಿಂದ ಹಿತ್ತಲ ಕಡೆಯಿಂದಲೂ ಗಾಳಿ ಬರುತ್ತದೆ. ಆ ಜಾಗದ ಬೆಲೆ ಗೊತ್ತಿದ್ದವರು ಹಾಕಿದ ನಕ್ಷೆ ಅದು.

ಈಗ ನಿಮ್ಮ ಸೈಟಿಗೆ ಬನ್ನಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಥವಾ ಆ ಭಾಗದ ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆಯ ಪ್ರತಿ ಕೇಳಿ ತಗೊಳ್ಳಿ. ಬ್ರೋಷರ್‌ನಲ್ಲಿರುವ ಬಣ್ಣದ ಚಿತ್ರ ಸಾಲದು. ನಕ್ಷೆ ಹಿಡಿದು ಬಡಾವಣೆ ಪೂರ್ತಿ ನಡೆಯಿರಿ. ಪಾರ್ಕ್ ಅಂತ ಬರೆದ ಕಡೆ ಪಾರ್ಕೇ ಇದೆಯಾ, ಇಲ್ಲ ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿಯನ್ನೇ ಪಾರ್ಕ್ ಅಂತ ತೋರಿಸಿದ್ದಾರಾ? ಸಿಎ ಸೈಟ್ (ಸಾರ್ವಜನಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ) ಖಾಲಿ ಇದೆಯಾ, ಶೆಡ್ ಎದ್ದಿದೆಯಾ? ಟೇಪ್ ಹಿಡಿದು ರಸ್ತೆ ಅಳೆಯಿರಿ. ನಕ್ಷೆಯಲ್ಲಿ 40 ಅಡಿ, ನೆಲದ ಮೇಲೆ 30 ಅಡಿ ಅಂದರೆ ಪಾರ್ಕಿಂಗ್ ತೊಂದರೆ ಮಾತ್ರ ಅಲ್ಲ. ಎಷ್ಟು ಕಟ್ಟಬಹುದು ಅನ್ನುವ ಎಫ್‌ಎಆರ್ ಕೂಡ ರಸ್ತೆಯ ಅಗಲದ ಮೇಲೆ ನಿಂತಿದೆ.

ಪೂರ್ವ ದಿಕ್ಕಿನ ಸೈಟಿಗೆ, ಮೂಲೆ ಸೈಟಿಗೆ ಜಾಸ್ತಿ ಕೇಳುತ್ತಾರೆ. ಮೂಲೆಗೆ ಎರಡು ಕಡೆ ಬೆಳಕು ಬರುತ್ತದೆ, ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟ ಇಲ್ಲ. ದಿಕ್ಕು ನಿಮ್ಮ ನಂಬಿಕೆಗೆ ಬಿಟ್ಟದ್ದು.

ನನಗೆ ನಿಜವಾಗಿ ಭಯ ಇರುವುದು ನೀರಿನದು. ಫೋನಿನಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಸೈಟಿನಲ್ಲಿ ನಿಂತು ಸರ್ವೆ ನಂಬರ್ ನೋಡಿ, ಹಳೇ ನಕ್ಷೆಯ ಹಳ್ಳ, ಕೆರೆ, ಖರಾಬು (ಸಾಗುವಳಿಗೆ ಬಾರದ ಜಮೀನು) ಎಲ್ಲಿವೆ ಹುಡುಕಿ. ಮಳೆನೀರು ಹರಿಯುವ ರಾಜಕಾಲುವೆಯ ಮಧ್ಯದಿಂದ ದೊಡ್ಡದಕ್ಕೆ 50, ಅದಕ್ಕಿಂತ ಚಿಕ್ಕದಕ್ಕೆ 25, ತೀರಾ ಸಣ್ಣದಕ್ಕೆ 15 ಮೀಟರ್ ಏನೂ ಕಟ್ಟದೆ ಬಿಡಬೇಕು ಅಂತ ಬೆಂಗಳೂರಿನ ಮಾಸ್ಟರ್ ಪ್ಲಾನ್ 2015 ಹೇಳಿತ್ತು. 2022ರ ಸೆಪ್ಟೆಂಬರ್ ಪ್ರವಾಹ ನೆನಪಿದೆ ಅಲ್ವಾ? ಯಮಲೂರು, ಸರ್ಜಾಪುರ ರಸ್ತೆ ಕಡೆ ದುಬಾರಿ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ನೀರಿಗೆ ತನ್ನ ದಾರಿ ಗೊತ್ತು.

ಕಟ್ಟಿದ ಮನೆಯಾದರೆ ಗೇಟಿನ ಹತ್ತಿರ ಬಗ್ಗಿ ನೋಡಿ. ಹಳೇ ಡಾಂಬರು ಕೆರೆಯದೆ ಮೇಲೆ ಮೇಲೆ ಹೊಸದು ಹಾಕಿ ರಸ್ತೆ ಎತ್ತರ ಆಗಿರುತ್ತದೆ. ಕಾಂಪೌಂಡಿನೊಳಗಿನ ನೆಲ ತಗ್ಗಿದ್ದರೆ ಮಳೆನೀರು ಸೀದಾ ನೆಲದಡಿಯ ನೀರಿನ ಸಂಪ್‌ಗೆ ಇಳಿಯುತ್ತದೆ. ಆಮೇಲೆ ಮಧ್ಯಾಹ್ನ ಹೊತ್ತಲ್ಲಿ ಒಳಗೆ ಹೋಗಿ ಲೈಟೆಲ್ಲ ಆರಿಸಿ. 30-40 ಸೈಟಿನಲ್ಲಿ ಸೆಟ್‌ಬ್ಯಾಕ್ (ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ) ನುಂಗಿ ಕಟ್ಟಿದ್ದರೆ ನಡುಮನೆ ಕತ್ತಲು. ಅಂಥ ಮನೆಗೆ ಬಾಡಿಗೆದಾರರು ಬರುತ್ತಾರೆ, ಬಹಳ ದಿನ ನಿಲ್ಲುವುದಿಲ್ಲ. ಮಳೆನೀರು ಕೊಯ್ಲಿನ ಪೈಪು ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ಎಷ್ಟೋ ಕಡೆ ಅದು ಚರಂಡಿಗೇ ಹೋಗುತ್ತದೆ.

ಅಡ್ವಾನ್ಸ್ ಕೊಡುವ ಮೊದಲು ಜೋರು ಮಳೆ ಬಂದ ಸಂಜೆ ಇನ್ನೊಮ್ಮೆ ಹೋಗಿ. ಮೂಲೆಯಲ್ಲಿ ಇಸ್ತ್ರಿ ಗಾಡಿಯವರು ಇದ್ದರೆ ಎರಡೇ ಪ್ರಶ್ನೆ ಕೇಳಿ: ನೀರು ಎಲ್ಲಿ ನಿಲ್ಲುತ್ತೆ, ಬೇಸಿಗೆಯಲ್ಲಿ ಈ ರಸ್ತೆಗೆ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ. ಆ ಉತ್ತರ ಇಟ್ಟುಕೊಂಡು ಚೌಕಾಸಿಗೆ ಕೂರಿ.