ಮೂರು ಸಾಲಿನ ಜಾಹೀರಾತಿನಲ್ಲಿ ಒಂದು ಅಂಗಡಿಯ ಲೆಕ್ಕ
ಮಹಾ ಆರ್ಥಿಕ ಕುಸಿತದ ಕಾಲದ ಅಮೆರಿಕನ್ ಪತ್ರಿಕೆಗಳ ವರ್ಗೀಕೃತ ಕಾಲಂ ಓದುವುದು ಹೇಗೆ?

1933ರಲ್ಲಿ ಅಮೆರಿಕದ ದುಡಿಯುವವರಲ್ಲಿ ನಾಲ್ಕರಲ್ಲೊಬ್ಬರಿಗೆ ಕೆಲಸವಿರಲಿಲ್ಲ. ಆ ವರ್ಷಗಳಲ್ಲೂ ಸಣ್ಣ ಊರುಗಳಲ್ಲಿ ಶೂಗೆ ಅಟ್ಟೆ ಹಾಕುವವರು, ರೇಡಿಯೊ ರಿಪೇರಿಯವರು, ಸೌದೆ ಮಾರುವವರು, ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿದುಕೊಡುವ ಹೆಂಗಸರು ದುಡಿಯುತ್ತಲೇ ಇದ್ದರು. ಇವರಲ್ಲಿ ಹೆಚ್ಚಿನವರ ಲೆಕ್ಕದ ಪುಸ್ತಕ ಉಳಿದಿಲ್ಲ. ಉಳಿದಿರುವುದು ಊರಿನ ಪತ್ರಿಕೆಯ ವರ್ಗೀಕೃತ ಕಾಲಮಿನ ಎರಡು ಮೂರು ಸಾಲು. ಆ ಸಾಲುಗಳನ್ನು ಸರಿಯಾಗಿ ಓದಿದರೆ ಒಂದು ವ್ಯಾಪಾರ ಯಾವಾಗ ಶುರುವಾಯಿತು, ಯಾವ ತಿಂಗಳಲ್ಲಿ ಬೆಲೆ ಇಳಿಸಿತು, ಯಾವಾಗ ನಗದು ಬಿಟ್ಟು ಧಾನ್ಯ ತೆಗೆದುಕೊಳ್ಳತೊಡಗಿತು ಎಂಬುದೆಲ್ಲ ತಿಳಿಯುತ್ತದೆ. ಇದಕ್ಕೆ ಕಂಪ್ಯೂಟರ್, ಒಂದು ನೋಟ್‌ಬುಕ್ ಮತ್ತು ತಾಳ್ಮೆ ಸಾಕು. ಅಮೆರಿಕದ ಸಣ್ಣ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ತಾವಿರುವ ಊರಿನಿಂದಲೇ ಶುರು ಮಾಡಬಹುದು.

ಮೊದಲು ಊರು, ಆಮೇಲೆ ಹುಡುಕಾಟ

ದೊಡ್ಡ ನಗರದ ದಿನಪತ್ರಿಕೆಯಲ್ಲಿ ದಿನಕ್ಕೆ ನೂರಾರು ಜಾಹೀರಾತು ಇರುತ್ತವೆ, ಹೊಸಬರಿಗೆ ತಲೆ ತಿರುಗುತ್ತದೆ. ಯಾವುದಾದರೂ ಕೌಂಟಿಯ ಮುಖ್ಯ ಊರಿನ ವಾರಪತ್ರಿಕೆ ಆರಿಸಿಕೊಳ್ಳಿ. ಇಂಥ ಪತ್ರಿಕೆಗಳು ಹೆಚ್ಚಾಗಿ ಗುರುವಾರ ಬರುತ್ತಿದ್ದವು. ವರ್ಷಕ್ಕೆ 52 ಸಂಚಿಕೆ, ಸಂಚಿಕೆಗೆ ಒಂದೆರಡು ಕಾಲಂ, ಅಷ್ಟೇ ಓದಬೇಕಾದದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹ ಉಚಿತವಾಗಿದ್ದು, 1963ರವರೆಗಿನ ಪತ್ರಿಕೆಗಳು ಅದರಲ್ಲಿವೆ. ಟೆಕ್ಸಾಸ್, ಇಲಿನಾಯ್, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳಿಗೆ ಬೇರೆ ಬೇರೆ ಉಚಿತ ಸಂಗ್ರಹಗಳೂ ಇವೆ. ಆರಿಸಿದ ಪತ್ರಿಕೆ 1929ರಿಂದ 1939ರವರೆಗೆ ಎಡೆಬಿಡದೆ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ನಡುವೆ ಆರು ತಿಂಗಳ ಸಂಚಿಕೆ ಇಲ್ಲದಿದ್ದರೆ ಜಾಹೀರಾತು ನಿಂತಿತೋ ಸಂಚಿಕೆ ಕಳೆದುಹೋಯಿತೋ ಎಂಬುದು ಆಮೇಲೆ ಗೊತ್ತಾಗದು.

ಹುಡುಕು ಪೆಟ್ಟಿಗೆಯನ್ನು ಪೂರ್ತಿ ನಂಬಬೇಡಿ. ಪುಟದ ಚಿತ್ರವನ್ನು ಯಂತ್ರ ಓದಿ ಅಕ್ಷರವಾಗಿಸಿರುತ್ತದೆ, ವರ್ಗೀಕೃತ ಕಾಲಮಿನಲ್ಲಿ ಆ ಓದು ತೀರ ಕೆಡುತ್ತದೆ. ಕಾರಣ ಅಕ್ಷರದ ಗಾತ್ರ. ನಗರದ ದಿನಪತ್ರಿಕೆಗಳು ಈ ಕಾಲಂಗಳಿಗೆ ‘ಅಗೇಟ್’ ಎಂಬ ಐದೂವರೆ ಪಾಯಿಂಟಿನ ಅಚ್ಚುಮೊಳೆ ಬಳಸುತ್ತಿದ್ದವು. ಒಂದು ಅಂಗುಲ ಎತ್ತರದಲ್ಲಿ ಹದಿಮೂರು-ಹದಿನಾಲ್ಕು ಸಾಲು! ಶಾಯಿ ಸ್ವಲ್ಪ ಹರಡಿದರೂ ಸೆಂಟ್ ಗುರುತು ‘ಇ’ ಅಕ್ಷರವಾಗುತ್ತದೆ, ದಶಮಾಂಶದ ಚುಕ್ಕಿ ಮಾಯವಾಗಿ 1.95 ಡಾಲರ್ 195 ಆಗುತ್ತದೆ. ಪಕ್ಕದ ಕಾಲಮಿನ ಸಾಲು ಬೆರೆತು ಹೋಗುವುದೂ ಉಂಟು. ಅದಕ್ಕೇ ಕಣ್ಣಿನಿಂದ ಹುಡುಕುವುದೇ ಮೇಲು. ವರ್ಗೀಕೃತ ಕಾಲಂ ಸಾಮಾನ್ಯವಾಗಿ ವಾರವಾರವೂ ಅದೇ ಪುಟದಲ್ಲಿರುತ್ತದೆ. ನಾಲ್ಕು ಸಂಚಿಕೆ ತಿರುವಿದರೆ ಜಾಗ ಗೊತ್ತಾಗುತ್ತದೆ, ಮುಂದಕ್ಕೆ ನೇರ ಆ ಪುಟಕ್ಕೇ ಹೋಗಿ. ಬೆಲೆಯನ್ನು ಮಾತ್ರ ಯಾವಾಗಲೂ ಪುಟದ ಚಿತ್ರದಿಂದಲೇ ಬರೆದುಕೊಳ್ಳಿ.

ಆ ಅಂಗಡಿ ನಿಜಕ್ಕೂ ಆ ಊರಿನದೇ?

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಎಷ್ಟೋ ಸಣ್ಣ ವಾರಪತ್ರಿಕೆಗಳು ತಮ್ಮ ಒಳಪುಟಗಳನ್ನು ತಾವೇ ಅಚ್ಚು ಹಾಕುತ್ತಿರಲಿಲ್ಲ. ವೆಸ್ಟರ್ನ್ ನ್ಯೂಸ್‌ಪೇಪರ್ ಯೂನಿಯನ್‌ನಂಥ ಸಂಸ್ಥೆಗಳು ಒಂದು ಬದಿ ಮೊದಲೇ ಅಚ್ಚಾದ ಕಾಗದ ಕಳಿಸುತ್ತಿದ್ದವು, ಊರಿನ ಮುದ್ರಕ ಖಾಲಿ ಬದಿಯಲ್ಲಿ ಊರ ಸುದ್ದಿ ಹಾಕುತ್ತಿದ್ದ. ಸಿದ್ಧಪುಟದಲ್ಲಿಯೂ ಸಣ್ಣ ಜಾಹೀರಾತುಗಳು ಇರುತ್ತಿದ್ದವು: ಏಜೆಂಟರು ಬೇಕಾಗಿದ್ದಾರೆ, ಮನೆಯಲ್ಲೇ ಕೂತು ಸಂಪಾದಿಸಿ, ಇಂಥವು. ಅವು ನೂರಾರು ಮೈಲಿ ದೂರದವರದು. ಕಾಲಮಿನ ಬುಡದಲ್ಲಿ ‘ಡಬ್ಲ್ಯೂ ಎನ್ ಯು’ ಎಂಬ ಮೂರಕ್ಷರ ಕಂಡರೆ ಆ ಪುಟವನ್ನು ಊರಿನ ಲೆಕ್ಕಕ್ಕೆ ಸೇರಿಸಬೇಡಿ. ಊರಿನ ಜಾಹೀರಾತಿನಲ್ಲಿ ಬೀದಿಯ ಹೆಸರೋ, ನಾಲ್ಕಂಕಿ ದಾಟದ ಫೋನ್ ಸಂಖ್ಯೆಯೋ, ಬ್ಯಾಂಕಿನ ಮೇಲ್ಮಹಡಿ ಎಂಬಂಥ ಗುರುತೋ ಇರುತ್ತದೆ. ವಿಳಾಸವಾಗಿ ಬರೀ ಪತ್ರಿಕೆಯ ಪೆಟ್ಟಿಗೆ ಸಂಖ್ಯೆ ಇದ್ದರೆ, ಅದು ಹೆಸರು ಮರೆಸಿ ಕೊಟ್ಟದ್ದು.

ದರದ ಚೌಕ

ಕಾಲಮಿನ ತಲೆಯಲ್ಲಿ ಪುಟ್ಟ ಚೌಕವೊಂದಿರುತ್ತದೆ. ಪದಕ್ಕೆ ಅಥವಾ ಸಾಲಿಗೆ ಎಷ್ಟು, ಕನಿಷ್ಠ ಎಷ್ಟು, ಸಾಲಿಗೆ ಎಷ್ಟು ಪದ ಎಂದು ಎಣಿಸುತ್ತಾರೆ, ಹಣ ಮುಂಗಡವೇ ಎಂಬುದೆಲ್ಲ ಅದರಲ್ಲಿದೆ. ಪದಕ್ಕೆ ಒಂದು ಸೆಂಟ್, ಕನಿಷ್ಠ 25 ಸೆಂಟ್ ಎಂಬುದು ವಾರಪತ್ರಿಕೆಗಳಲ್ಲಿ ಕಾಣುವ ಒಂದು ದರ, ನಿಮ್ಮ ಪತ್ರಿಕೆಯದನ್ನು ನೋಡಿ ಬರೆದುಕೊಳ್ಳಿ. ಈ ದರ ಗೊತ್ತಿದ್ದರೆ ಜಾಹೀರಾತಿನ ಭಾಷೆ ಏಕೆ ಅಷ್ಟು ಬಿಗಿ ಎಂಬುದು ಅರ್ಥವಾಗುತ್ತದೆ. ಪದವೊಂದಕ್ಕೆ ಹಣ ತೆರಬೇಕಾದಾಗಲೂ ‘ನಗದು ಅಥವಾ ವಿನಿಮಯ’ ಎಂದು ಮೂರು ಪದ ಸೇರಿಸಿದ್ದಾರೆಂದರೆ ಆ ಮೂರು ಪದ ಅವರಿಗೆ ಬೇಕೇ ಬೇಕಿತ್ತು.

ಬಾಲದಿಂದ ಓದಿ

ಮಾದರಿಗೆಂದು ನಾವೇ ಬರೆದ ಈ ಜಾಹೀರಾತು 1934ರ ಫೆಬ್ರುವರಿಯ ವಾರಪತ್ರಿಕೆಯಲ್ಲಿದೆ ಎಂದಿಟ್ಟುಕೊಳ್ಳಿ:

‘ಮೊಟ್ಟೆಗೆ ಕಾವು ಕೊಡಲಾಗುವುದು, ಒಂದಕ್ಕೆ 2 ಸೆಂ. ಸೋಮವಾರ ತನ್ನಿ. ಮರಿ ನೂರಕ್ಕೆ 7 ಡಾ. ನಗದು ಇಲ್ಲವೇ ಮೆಕ್ಕೆಜೋಳ. ಫೋನ್ 12ಎಫ್3. 2-8-4ಟಿಪಿ.’

ಕೊನೆಯ ಸಂಕೇತ ಓದುಗರಿಗಾಗಿ ಇದ್ದದ್ದಲ್ಲ, ಮೊಳೆ ಜೋಡಿಸುವವನಿಗೂ ಲೆಕ್ಕ ಬರೆಯುವವನಿಗೂ ಇದ್ದದ್ದು. ನಮಗೆ ಅದೇ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. 2-8 ಎಂದರೆ ಫೆಬ್ರುವರಿ 8. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ರೂಢಿಯಂತೆ ಆಗಸ್ಟ್ 2 ಎಂದು ಓದಿದರೆ ಎಲ್ಲವೂ ತಲೆಕೆಳಗು. 4ಟಿ ಎಂದರೆ ನಾಲ್ಕು ಸಲ: ಫೆಬ್ರುವರಿ 8, 15, 22, ಮಾರ್ಚ್ 1. ‘ಪಿ’ ಎಂದರೆ ಹಣ ಸಂದಿದೆ. ಅದರ ಜಾಗದಲ್ಲಿ ‘ಸಿ’ ಇದ್ದರೆ ಖಾತೆಗೆ ಬರೆಸಿದ್ದು. ‘ಟಿಎಫ್’ ಇದ್ದರೆ ಬೇಡ ಎನ್ನುವವರೆಗೂ ಹಾಕುತ್ತಿರಿ ಎಂದರ್ಥ. ಕೆಲವು ಪತ್ರಿಕೆಗಳು ಶುರುವಾದ ದಿನಾಂಕ ಹಾಕುತ್ತವೆ, ಕೆಲವು ಮುಗಿಯುವ ದಿನಾಂಕ. ಹಿಂದಿನ, ಮುಂದಿನ ಸಂಚಿಕೆ ತೆರೆದು ನೋಡಿದರೆ ಐದು ನಿಮಿಷದಲ್ಲಿ ಖಚಿತವಾಗುತ್ತದೆ. ಸದಾ ‘ಸಿ’ ಇದ್ದ ಅಂಗಡಿ ಒಂದು ವಾರದಿಂದ ‘ಪಿ’ ಆಯಿತೆಂದರೆ ಅದನ್ನು ಕೆಂಪು ಮಸಿಯಲ್ಲಿ ಬರೆದುಕೊಳ್ಳಿ. ಕಾರಣ ಅದೊಂದರಿಂದಲೇ ತಿಳಿಯದು, ಆದರೆ ಸಾಲದ ವ್ಯವಹಾರ ಬದಲಾದದ್ದಂತೂ ನಿಜ.

12ಎಫ್3 ಹಳ್ಳಿಯ ಹಂಚಿಕೆ ಫೋನ್ ಲೈನು. ಹನ್ನೆರಡನೇ ಲೈನಿನಲ್ಲಿ ಹಲವು ಮನೆಗಳಿದ್ದು, ‘ಎಫ್’ ಆದ ಮೇಲಿನ ಅಂಕಿ ಆ ಮನೆಯ ಗಂಟೆಯ ಬಗೆ. ಹಾಗಾಗಿ ಇದು ಊರೊಳಗಿನ ಅಂಗಡಿಯಲ್ಲ, ಹೊಲದ ಮನೆ. ಸೋಮವಾರ ಏಕೆ? ಕೋಳಿಮೊಟ್ಟೆ ಒಡೆಯಲು 21 ದಿನ, ಅಂದರೆ ಸರಿಯಾಗಿ ಮೂರು ವಾರ. ಸೋಮವಾರ ಇಟ್ಟದ್ದು ಸೋಮವಾರ ಒಡೆಯುತ್ತದೆ, ಹೊಸ ಮೊಟ್ಟೆ ತಂದವರು ಹಳೆಯ ಮರಿ ಒಯ್ಯುತ್ತಾರೆ. ಇಂಥ ಜಾಹೀರಾತು ಚಳಿಗಾಲದ ಕೊನೆಯಿಂದ ವಸಂತದವರೆಗೆ ಮಾತ್ರ ಬರುತ್ತದೆ. ಜೂನ್ ನಂತರ ಕಾಣದಿದ್ದರೆ ವ್ಯಾಪಾರ ಮುಳುಗಿತು ಎಂದುಕೊಳ್ಳಬೇಡಿ.

ಇನ್ನು ಮೆಕ್ಕೆಜೋಳ. 1933ರ ಅಕ್ಟೋಬರಿನಲ್ಲಿ ಹುಟ್ಟಿದ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆ ರೈತರು ಕಣಜದಲ್ಲಿಟ್ಟ ಮೆಕ್ಕೆಜೋಳದ ಮೇಲೆ ಬುಷೆಲ್‌ಗೆ 45 ಸೆಂಟ್ ಸಾಲ ಕೊಡತೊಡಗಿತ್ತು. ಬಿಡಿಸಿದ ಕಾಳು ಬುಷೆಲ್‌ಗೆ 56 ಪೌಂಡ್, ಸುಮಾರು 25.4 ಕಿಲೊ. ನೂರು ಮೊಟ್ಟೆಯ ಕೂಲಿ 2 ಡಾಲರ್ ಆದರೆ ಆ ದರದಲ್ಲಿ ಸುಮಾರು ನಾಲ್ಕೂವರೆ ಬುಷೆಲ್, ಒಂದು ಕ್ವಿಂಟಲಿಗೂ ಮಿಕ್ಕಿ. ಅದೇ ಲೆಕ್ಕ 1932ರ ಬೆಳೆಗೆ ಹಾಕಿ. ಆಗ ರೈತನಿಗೆ ಸಿಕ್ಕಿದ್ದು ಬುಷೆಲ್‌ಗೆ ಸರಾಸರಿ 32 ಸೆಂಟ್. ಆರು ಬುಷೆಲ್ ದಾಟುತ್ತದೆ.

ಬೆಲೆ ಹೋಲಿಸುವಾಗ

1929ರಿಂದ 1933ರ ಹೊತ್ತಿಗೆ ಅಮೆರಿಕದಲ್ಲಿ ಗ್ರಾಹಕ ಬೆಲೆಗಳು ಸುಮಾರು ಕಾಲು ಭಾಗ ಇಳಿದವು. ಹಾಗಾಗಿ ಶೂ ಅಟ್ಟೆಯ ದರ 1 ಡಾಲರ್‌ನಿಂದ 75 ಸೆಂಟ್‌ಗೆ ಬಂದರೆ ಅದು ಸಾಮಾನ್ಯ ಇಳಿತ, 50 ಸೆಂಟ್‌ಗೆ ಬಂದರೆ ಗಿರಾಕಿಗಾಗಿ ಬಗ್ಗಿದ್ದು. 1933ರ ಒಂದು ಡಾಲರ್ 2023ರ ಸುಮಾರು 23 ಡಾಲರ್‌ಗೆ ಸಮ. ಆದರೆ ಡಾಲರನ್ನು ರೂಪಾಯಿಗೆ ತಿರುಗಿಸುವುದಕ್ಕಿಂತ ಕೆಲಸದ ಗಂಟೆಗೆ ತಿರುಗಿಸುವುದು ಎಷ್ಟೋ ಮೇಲು. 1938ರಲ್ಲಿ ಕೇಂದ್ರ ಕಾನೂನು ಗೊತ್ತುಪಡಿಸಿದ ಕನಿಷ್ಠ ಕೂಲಿಯೇ ಗಂಟೆಗೆ 25 ಸೆಂಟ್. ಎರಡೂವರೆ ಡಾಲರಿನ ಕೂದಲು ಗುಂಗುರಿಗೆ ಹತ್ತು ಗಂಟೆ ದುಡಿಯಬೇಕಿತ್ತು ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಅಳತೆಗಳಲ್ಲಿ ಮೋಸ ಹೋಗದಿರಿ. ಸೌದೆಯ ‘ಕಾರ್ಡ್’ ಎಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ, 128 ಘನ ಅಡಿ. ಪಕ್ಕದಲ್ಲೇ ಅಗ್ಗದ ‘ರಿಕ್’ ಕಂಡರೆ ಅದು 16 ಅಂಗುಲದ ತುಂಡುಗಳ ಒಂದೇ ಸಾಲು, ಕಾರ್ಡ್‌ನ ಮೂರನೇ ಒಂದು ಭಾಗದಷ್ಟು. ಊರಿಂದೂರಿಗೆ ಅದೂ ವ್ಯತ್ಯಾಸ.

ಒಂದೇ ಊರಿನ ಎಲ್ಲ ದರ್ಜಿ, ಡ್ರೈಕ್ಲೀನರ್‌ಗಳೂ 1933ರ ಕೊನೆಯಿಂದ ಒಂದೇ ದರ ಹಾಕಿದ್ದರೆ ಬೆರಗಾಗಬೇಕಿಲ್ಲ. ನೀಲಿ ಹದ್ದಿನ ಚಿಹ್ನೆಯ ‘ರಾಷ್ಟ್ರೀಯ ಚೇತರಿಕೆ ಆಡಳಿತ’ ಎಂಬ ಸರ್ಕಾರಿ ಸಂಸ್ಥೆಯ ನಿಯಮಾವಳಿಗಳು ಕೆಲವು ಕಸುಬುಗಳಲ್ಲಿ ಕನಿಷ್ಠ ದರವನ್ನೂ ಗೊತ್ತುಮಾಡಿದ್ದವು. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಸೂಟಿಗೆ ಇಸ್ತ್ರಿ ಹಾಕಲು 40 ಸೆಂಟ್ ಬದಲು 35 ಸೆಂಟ್ ತೆಗೆದುಕೊಂಡ ದರ್ಜಿಯೊಬ್ಬನಿಗೆ 1934ರಲ್ಲಿ 100 ಡಾಲರ್ ದಂಡ, 30 ದಿನ ಸೆರೆ ವಿಧಿಸಿದರು. ಕೆಲವೇ ದಿನಗಳಲ್ಲಿ ಬಿಟ್ಟರು. ಐದು ಸೆಂಟ್ ಕಡಿಮೆ ಮಾಡಿದ್ದಕ್ಕೆ ಇಂಥ ಶಿಕ್ಷೆ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಸೇವಾ ಕಸುಬುಗಳ ಮೇಲಿನ ಈ ಬಗೆಯ ನಿಯಮಗಳನ್ನು 1934ರ ಮೇ ಕೊನೆಗೆ ಸರ್ಕಾರ ತಡೆಹಿಡಿಯಿತು. ಇಡೀ ವ್ಯವಸ್ಥೆಯನ್ನೇ 1935ರ ಮೇ 27ರಂದು ಸುಪ್ರೀಂ ಕೋರ್ಟ್ ರದ್ದುಮಾಡಿತು. ಆ ಎರಡೂ ದಿನಾಂಕಗಳ ಹಿಂದಿನ, ಮುಂದಿನ ತಿಂಗಳ ದರಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಬಿಡದೆ ನೋಡಬೇಕಾದ ಇನ್ನೊಂದು ಸಂಚಿಕೆ 1933ರ ಮಾರ್ಚ್ 9ರದು. ಮಾರ್ಚ್ 6ರಿಂದ ದೇಶದ ಬ್ಯಾಂಕುಗಳೆಲ್ಲ ಮುಚ್ಚಿದ್ದವು, 13ರಿಂದ ಹಂತಹಂತವಾಗಿ ತೆರೆದವು. ಮಿಷಿಗನ್ ರಾಜ್ಯದ ಪತ್ರಿಕೆಯಾದರೆ ಫೆಬ್ರುವರಿ ಮಧ್ಯದಿಂದಲೇ ನೋಡಿ, ಅಲ್ಲಿ 14ನೇ ತಾರೀಖಿನಂದೇ ಬಾಗಿಲು ಹಾಕಿದ್ದರು. ಕೈಯಲ್ಲಿ ಕಾಸಿಲ್ಲದ ಆ ವಾರಗಳಲ್ಲಿ ಯಾರು ಚೆಕ್ ಒಪ್ಪಿದರು, ಯಾರು ಸಾಮಾನು ಬದಲಿಗೆ ಕೇಳಿದರು, ಯಾರು ಜಾಹೀರಾತನ್ನೇ ಹಿಂತೆಗೆದುಕೊಂಡರು ಎಂಬುದನ್ನು ಬರೆದಿಡಿ.

ಪಟ್ಟಿ ಕಟ್ಟುವುದು

ಒಂದೊಂದು ಅಂಗಡಿಗೆ ಒಂದೊಂದು ಹಾಳೆ ಇಡಿ. ದಿನಾಂಕ, ಪುಟ, ಕಾಲಂ, ಬೆಲೆ, ಪಾವತಿಯ ಬಗೆ, ಫೋನ್, ವಿಳಾಸ, ಬಾಲದ ಸಂಕೇತ. ಹೆಸರು ಮಾಯವಾಗಿ ಬರೀ ಫೋನ್ ಸಂಖ್ಯೆ ಉಳಿಯುವುದರಿಂದ ಫೋನನ್ನೇ ಮುಖ್ಯ ಗುರುತಾಗಿಸಿ. ಒಂದು ಜಾಹೀರಾತಿನಿಂದ ಏನನ್ನೂ ತೀರ್ಮಾನಿಸಬೇಡಿ, ಕನಿಷ್ಠ ಹದಿನೈದು ತಿಂಗಳ ಸರಣಿ ಬೇಕು. ಹನ್ನೆರಡೇ ತಿಂಗಳಾದರೆ ಋತುವಿನ ಏರಿಳಿತವೋ ವ್ಯಾಪಾರದ ಏರಿಳಿತವೋ ತಿಳಿಯದು.

ಸಾಲುಗಳಲ್ಲಿ ಅಸಂಬದ್ಧ ಕಂಡರೆ ಆಗಿನ ಮುದ್ರಣಾಲಯಗಳ ಲೈನೊಟೈಪ್ ಯಂತ್ರವನ್ನು ನೆನಪಿಸಿಕೊಳ್ಳಿ. ಅದು ಪೂರ್ತಿ ಸಾಲನ್ನು ಒಂದೇ ಸೀಸದ ಪಟ್ಟಿಯಾಗಿ ಎರಕ ಹೊಯ್ಯುತ್ತದೆ. ಒಂದಕ್ಷರ ತಪ್ಪಿದರೂ ಸಾಲಿಗೆ ಸಾಲೇ ಬದಲಿಸಬೇಕು. ಬದಲಿಸುವಾಗ ಪಟ್ಟಿ ಪಕ್ಕದ ಜಾಹೀರಾತಿಗೆ ಸೇರಿಬಿಟ್ಟರೆ ರೇಡಿಯೊ ರಿಪೇರಿಯವನು ಹಸುವಿನ ಹಾಲು ಮಾರುತ್ತಾನೆ. ಮುಂದಿನ ವಾರದ ಸಂಚಿಕೆ ನೋಡಿದರೆ ಸರಿಹೋಗಿರುತ್ತದೆ.

ರೇಡಿಯೊ ಬ್ಯಾಟರಿಗೆ ಚಾರ್ಜ್ ಹಾಕಿಕೊಡುವವರ ಜಾಹೀರಾತುಗಳಿಗೆ ವಿಶೇಷ ಗಮನ ಕೊಡಿ. 1930ರ ದಶಕದ ನಡುವಿನಲ್ಲಿ ಹತ್ತು ಹೊಲಮನೆಗಳಲ್ಲಿ ಒಂದಕ್ಕಷ್ಟೇ ವಿದ್ಯುತ್ ಇತ್ತು. ಉಳಿದವರಲ್ಲಿ ರೇಡಿಯೊ ಇದ್ದವರು ಬ್ಯಾಟರಿಯನ್ನು ಊರಿಗೆ ಹೊತ್ತು ತಂದು ಚಾರ್ಜ್ ಮಾಡಿಸಬೇಕಿತ್ತು. 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತ ಶುರುವಾಯಿತು. ತಂತಿ ಬಂದ ಕಡೆ ಈ ಜಾಹೀರಾತು ಯಾವಾಗ ನಿಂತಿತು ಎಂಬುದನ್ನು ನಿಮ್ಮ ಹಾಳೆಯಿಂದಲೇ ತೋರಿಸಬಹುದು.

ಬೇರೆ ದಾಖಲೆಗೆ ತಾಳೆ

1930ರ ಜನಗಣತಿಯ ಹಾಳೆಯಲ್ಲಿ ಕಸುಬಿನ ಪಕ್ಕ ‘ಒ’ ಅಕ್ಷರವಿದ್ದರೆ ಸ್ವಂತ ದುಡಿಮೆ. 1940ರ ಗಣತಿಯಲ್ಲಿ ಹಿಂದಿನ ವರ್ಷದ ಸಂಪಾದನೆಯ ಅಂಕಣವಿದೆ, ಆದರೆ ಅದು ಸಂಬಳ, ಕೂಲಿಗೆ ಮಾತ್ರ. ಅಂಗಡಿಯವರ ಎದುರು ಸೊನ್ನೆ ಕಂಡರೆ ಬಡತನವೆಂದು ಬರೆಯಬೇಡಿ. ಬೇರೆ ಮೂಲದಿಂದ 50 ಡಾಲರ್ ಅಥವಾ ಹೆಚ್ಚು ಬಂತೇ ಎಂಬ ಪಕ್ಕದ ಅಂಕಣವನ್ನೂ ನೋಡಿ. ಅಗ್ನಿವಿಮೆಗಾಗಿ ತಯಾರಾದ ಸ್ಯಾನ್‌ಬಾರ್ನ್ ನಕ್ಷೆಗಳಲ್ಲಿ ಅಂಗಡಿಗೆ ‘ಎಸ್’, ವಾಸದ ಮನೆಗೆ ‘ಡಿ’. ಮನೆಯಲ್ಲೇ ನಡೆಸಿದ ವ್ಯಾಪಾರಕ್ಕೆ ನಕ್ಷೆಯಲ್ಲಿ ‘ಡಿ’ ಬಿಟ್ಟು ಬೇರೇನೂ ಸಿಗದು. ಹೊಲಿಗೆ, ಬಾಡಿಗೆ ಕೋಣೆ, ಊಟದ ಮನೆ ನಡೆಸಿದ ಹೆಂಗಸರ ದುಡಿಮೆಗೆ ಎಷ್ಟೋ ಸಲ ಜಾಹೀರಾತೇ ಏಕೈಕ ಸಾಕ್ಷಿ.

ಕೋಣೆ ಬಾಡಿಗೆಯ ಸಾಲುಗಳಲ್ಲಿ ‘ಬಿಳಿಯರಿಗೆ ಮಾತ್ರ’ ಎಂಬಂಥ ಮಾತು ಎದುರಾಗುತ್ತದೆ. ಇದ್ದದ್ದನ್ನು ಇದ್ದಂತೆಯೇ ಬರೆದುಕೊಳ್ಳಿ, ಮೆದುಗೊಳಿಸಬೇಡಿ. ನಗರಗಳಲ್ಲಿ ಕಪ್ಪು ಜನರ ಕ್ಷೌರದಂಗಡಿ, ದರ್ಜಿ ಅಂಗಡಿ, ಬ್ಯೂಟಿ ಪಾರ್ಲರ್‌ಗಳನ್ನು ಹುಡುಕುವುದಾದರೆ ‘ಒಮಾಹ ಗೈಡ್’, ‘ಡೆಟ್ರಾಯ್ಟ್ ಟ್ರಿಬ್ಯೂನ್’, ‘ಪಿಟ್ಸ್‌ಬರ್ಗ್ ಕುರಿಯರ್’ ಥರದ ಅವರದೇ ಪತ್ರಿಕೆಗಳನ್ನು ತೆರೆಯಬೇಕು. ಬರೀ ಬಿಳಿಯರ ದಿನಪತ್ರಿಕೆ ನೋಡಿ ಅರ್ಧ ಊರನ್ನು ಬಿಟ್ಟವರು ಬಹಳ.

ಕೊನೆಗೆ, ಜಾಹೀರಾತು ನಿಂತ ದಿನ ವ್ಯಾಪಾರ ಮುಚ್ಚಿದ ದಿನವಲ್ಲ. ಗಿರಾಕಿ ಸಾಕಷ್ಟಾದರೂ ಜಾಹೀರಾತು ನಿಲ್ಲುತ್ತದೆ. ಮುಚ್ಚಿದ್ದು ಹೌದೇ ಎಂದು ತಿಳಿಯಲು ಮುಂದಿನ ಎರಡು ವರ್ಷದ ‘ಮಾರಾಟಕ್ಕಿದೆ’ ವಿಭಾಗ ಓದಿ. ಹೊಲಿಗೆ ಯಂತ್ರ, ಕ್ಷೌರದ ಕುರ್ಚಿ, ಮೊಟ್ಟೆಯ ಕಾವುಪೆಟ್ಟಿಗೆ, ಬ್ಯಾಟರಿ ಚಾರ್ಜರ್. ಅದೇ ಫೋನ್ ಸಂಖ್ಯೆ, ಅದೇ ಬೀದಿ ಇದ್ದರೆ ಹಾಳೆಯ ಕೊನೆಯ ಸಾಲಿನಲ್ಲಿ ಆ ದಿನಾಂಕ, ಕೇಳಿದ ಬೆಲೆ, ಮತ್ತು ಎಷ್ಟು ವಾರ ಯಾರೂ ಕೊಳ್ಳದೆ ಆ ಜಾಹೀರಾತು ಮತ್ತೆ ಮತ್ತೆ ಬಂತು ಎಂಬುದನ್ನು ಬರೆಯಿರಿ.